ಬೆಟ್ಟದ ಬುಡ ಮೇಲೇರಿದ ಕಥೆ

ಬೆಟ್ಟದ ಬುಡ ಎಲ್ಲಿದೆ ಎಂದು ಕೇಳಿದರೆ ಶಾಲೆಯ ಹುಡುಗನೂ ನಕ್ಕಾನು. ಬೆಟ್ಟ ಎಲ್ಲಿ ಬಯಲನ್ನು ಮುಟ್ಟುತ್ತದೋ ಅದೇ ಅದರ ಬುಡ. ಇದರಲ್ಲಿ ಕೇಳುವುದೇನು ಬಂತು? ಆದರೆ ಭಾನುವಾರ ಬೆಳಗಿನ ಜಾವ ಬೆಂಗಳೂರಿನಿಂದ ನಂದಿಬೆಟ್ಟಕ್ಕೋ ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೋ ಹೊರಟವರನ್ನು ಕೇಳಿ ನೋಡಿ. ಅವರ ಲೆಕ್ಕದಲ್ಲಿ ಬೆಟ್ಟ ಶುರುವಾಗುವುದು ಕಾರು ನಿಂತ ಜಾಗದಿಂದ. ಕಾರು ಎಷ್ಟು ಮೇಲಕ್ಕೆ ಹೋಗುತ್ತದೋ ಹತ್ತುವ ಬೆಟ್ಟ ಅಷ್ಟು ಗಿಡ್ಡವಾಗುತ್ತದೆ. ಭೂಗೋಳದ ಪುಸ್ತಕದಲ್ಲಿ ಬೆಟ್ಟದ ಬುಡ ಕದಲುವುದಿಲ್ಲ. ಮನುಷ್ಯರ ವ್ಯವಹಾರದಲ್ಲಿ ಮಾತ್ರ ಅದು ಕಳೆದ ನೂರು ವರ್ಷಗಳಲ್ಲಿ ಮೆಲ್ಲಮೆಲ್ಲಗೆ ಮೇಲೇರುತ್ತಾ ಹೋಗಿದೆ. ಈಗ ಅದನ್ನು ಮತ್ತೆ ಕೆಳಕ್ಕೆ ಇಳಿಸುವ ಪ್ರಯತ್ನ ಅಲ್ಲಲ್ಲಿ ಆರಂಭವಾಗಿದೆ. ಚಾರಣದ ಹಾದಿ ಎಲ್ಲಿ ಶುರುವಾಗಬೇಕು, ವಾಹನ ಎಲ್ಲಿ ನಿಲ್ಲಬೇಕು ಎಂಬುದು ನೋಡಲು ಪೊಲೀಸರ ಸೀಟಿಗೆ ಸಂಬಂಧಪಟ್ಟ ಸಣ್ಣ ವಿಷಯ. ಒಳಹೊಕ್ಕು ನೋಡಿದರೆ ಅದರಲ್ಲಿ ಇತಿಹಾಸವಿದೆ, ನಂಬಿಕೆಯಿದೆ, ನಾವು ಕುಡಿಯುವ ನೀರಿನ ಪ್ರಶ್ನೆಯೂ ಇದೆ.

ಪಾದದ ಮಂಟಪ

ನಮ್ಮ ಹಿರಿಯರಿಗೆ ಬೆಟ್ಟದ ಬುಡ ಎಲ್ಲಿದೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಅಲ್ಲಿ ಒಂದು ಮಂಟಪವಿರುತ್ತಿತ್ತು, ಒಂದು ಕಲ್ಯಾಣಿ ಇರುತ್ತಿತ್ತು, ಮೊದಲ ಮೆಟ್ಟಿಲಿಗೆ ಅರಿಸಿನ ಕುಂಕುಮ ಹಚ್ಚುವ ಪದ್ಧತಿ ಇರುತ್ತಿತ್ತು. ತಿರುಪತಿಯಲ್ಲಿ ಅಲಿಪಿರಿಯ ಪಾದಾಲ ಮಂಟಪ ಇಂಥದೇ ಗಡಿ. ಅಲ್ಲಿಂದ ಸುಮಾರು 3,500 ಮೆಟ್ಟಿಲು ಹತ್ತಿದರೆ ತಿರುಮಲ. ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯನ್ನು ಹತ್ತುವವರು ಇಂದಿಗೂ ಚಪ್ಪಲಿಯನ್ನು ಕೆಳಗೇ ಬಿಟ್ಟು ಬರಿಗಾಲಲ್ಲಿ ಬಂಡೆಯ ಮೆಟ್ಟಿಲೇರುತ್ತಾರೆ. ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರು ಕಾಡುದಾರಿ ಹಿಡಿಯುವುದು ತಾಳುಬೆಟ್ಟದಿಂದ. ನಂದಿಬೆಟ್ಟದ ಕೆಳಗೆ ನಂದಿ ಗ್ರಾಮದಲ್ಲಿ ಭೋಗನಂದೀಶ್ವರನಿದ್ದರೆ ನೆತ್ತಿಯ ಮೇಲೆ ಯೋಗನಂದೀಶ್ವರ. ಕೆಳಗೆ ಭೋಗ, ಮೇಲೆ ಯೋಗ. ನಡುವಿನ ಏರು ಇವೆರಡನ್ನೂ ಬೇರ್ಪಡಿಸುವ ದಾರಿ.

ಹೀಗೆ ಯೋಚಿಸಿದರೆ ಚಪ್ಪಲಿ ಬಿಡುವ ಜಾಗವೇ ನಮ್ಮ ನಾಡಿನ ಮೊತ್ತಮೊದಲ ‘ಪಾರ್ಕಿಂಗ್’. ನೆಲದ ವ್ಯವಹಾರಕ್ಕೆ ಬೇಕಾದ ಸಾಧನವನ್ನು ಅಲ್ಲಿ ಕಳಚಿಟ್ಟು ಮುಂದಕ್ಕೆ ಹೋಗಬೇಕು. ಗಾಡಿಯಲ್ಲಿ ಬಂದವನು ಎತ್ತುಗಳ ಕೊರಳು ಬಿಚ್ಚಿ ಅಲ್ಲೇ ಮೇವು ಹಾಕುತ್ತಿದ್ದ, ಕುದುರೆಯಲ್ಲಿ ಬಂದವನು ಅಲ್ಲೇ ಇಳಿಯುತ್ತಿದ್ದ. ಎಲ್ಲರ ಬೆಟ್ಟವೂ ಅಲ್ಲಿಂದಲೇ ಆರಂಭ. ಎಲ್ಲರೂ ಸಮಾನವಾಗಿ ಹತ್ತುತ್ತಿದ್ದರು ಎಂದೇನೂ ಅಲ್ಲ. ಉಳ್ಳವರು ಡೋಲಿಯಲ್ಲಿ ಕುಳಿತು ನಾಲ್ಕು ಮಂದಿಯ ಹೆಗಲ ಮೇಲೆ ಹೋಗುತ್ತಿದ್ದುದೂ ಉಂಟು. ಈ ಮಾತಿಗೆ ಮುಂದೆ ಮತ್ತೆ ಬರೋಣ.

ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದರು. ಏಳುನೂರು ಮೆಟ್ಟಿಲು ಏರಿದ ಮೇಲೆ ಸಿಗುವ ದೊಡ್ಡ ನಂದಿಯ ಕಾಲವೂ ಅದೇ. ಹತ್ತುವವನಿಗೆ ಉಸಿರು ಕಟ್ಟುವ ಹೊತ್ತಿಗೆ ನಂದಿಯನ್ನು ಕೂರಿಸಿದವರು ದಣಿವನ್ನೂ ಭಕ್ತಿಯನ್ನೂ ಒಟ್ಟಿಗೆ ಲೆಕ್ಕ ಹಾಕಿದ್ದಿರಬೇಕು. ಇಂದು ಆ ನಂದಿಯ ಪಕ್ಕಕ್ಕೇ ರಸ್ತೆ ಬರುತ್ತದೆ. ಕಾರಿನಿಂದ ಇಳಿದು ಹತ್ತು ಹೆಜ್ಜೆ ನಡೆದರೆ ನಂದಿ ಎದುರಾಗುತ್ತಾನೆ. ನಂದಿ ಅದೇ, ಕಲ್ಲು ಅದೇ. ನೋಡುವವನ ಉಸಿರು ಮಾತ್ರ ಬೇರೆ.

ರಸ್ತೆ ಬೆಟ್ಟ ಹತ್ತಿದ ಬಗೆ

ನಮ್ಮ ಬೆಟ್ಟಗಳಿಗೆ ರಸ್ತೆ ಬಂದದ್ದು ಚಾರಣಿಗರಿಗಾಗಿ ಅಲ್ಲ. ಹಳೆಯ ಕಾಲದಲ್ಲಿ ಬೆಟ್ಟದ ಮೇಲೆ ಕೆಲಸವಿದ್ದುದು ದೇವರಿಗೆ ಮತ್ತು ಸೈನಿಕರಿಗೆ. ನಂದಿಬೆಟ್ಟ ಹೈದರ್–ಟಿಪ್ಪು ಕಾಲದಲ್ಲಿ ದುರ್ಗಮವಾದ ಕೋಟೆ. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಅದನ್ನು ಗೆದ್ದುಕೊಂಡ ಮೇಲೆ ಬೆಟ್ಟದ ಉಪಯೋಗವೇ ಬದಲಾಯಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಸರ್ ಮಾರ್ಕ್ ಕಬ್ಬನ್ ಬೇಸಿಗೆಯನ್ನು ಅಲ್ಲಿ ಕಳೆಯಲು ಬಂಗಲೆ ಮಾಡಿಕೊಂಡ. ಶತ್ರುವಿಗೆ ಎಟುಕಬಾರದೆಂದು ಆರಿಸಿಕೊಂಡ ಜಾಗ ತಂಪು ಬೇಕಾದವರಿಗೆ ಎಟುಕಬೇಕಾದ ಜಾಗವಾಯಿತು. ದಾರಿ ಅಗಲವಾಗಲು ಇಷ್ಟು ಸಾಕು.

ಮಲೆನಾಡಿನಲ್ಲಿ ದಾರಿ ಕಡಿದದ್ದು ಕಾಫಿ ಮತ್ತು ಅದಿರು. ಬಾಬಾಬುಡನ್‌ಗಿರಿ ಶ್ರೇಣಿಯ ಇಳಿಜಾರುಗಳಲ್ಲಿ ತೋಟಗಳು ಹಬ್ಬಿದಂತೆ ಮೂಟೆ ಸಾಗಿಸಲು ಗಾಡಿದಾರಿಗಳು ಬಂದವು, ಮುಂದೆ ಅವು ಜೀಪುದಾರಿಗಳಾದವು. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಇಳಿಯುತ್ತಿತ್ತು. ಕುದುರೆಮುಖದಲ್ಲಿ 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಹುಟ್ಟಿದ ಮೇಲೆ ಕಾಡಿನ ನಡುವೆ ಊರೇ ಎದ್ದಿತು. 1987ರಲ್ಲಿ ಆ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆದರೆ ರಸ್ತೆಗಳು ನಿಲ್ಲುವುದಿಲ್ಲ. ಲಾರಿ ಹೋದ ದಾರಿಯಲ್ಲಿ ಪ್ರವಾಸಿಯ ಕಾರು ಬಂತು.

ದೇವಸ್ಥಾನಗಳ ಕಥೆಯೂ ಇದೇ. ತಿರುಮಲಕ್ಕೆ ಮೊದಲ ಘಾಟಿ ರಸ್ತೆ ಆದದ್ದು 1944ರಲ್ಲಿ. ಅದುವರೆಗೆ ಬೆಟ್ಟ ಹತ್ತಲಾರದ ಮುದುಕರಿಗೆ, ಬಾಣಂತಿಯರಿಗೆ, ಕಾಲಿಲ್ಲದವರಿಗೆ ಅದು ದೊಡ್ಡ ವರವಾಯಿತು. ಈ ಮಾತನ್ನು ಮರೆತು ರಸ್ತೆಯನ್ನು ಬೈಯುವುದು ಸುಲಭ. ಮೊಣಕಾಲು ನೋವಿನ ಅಜ್ಜಿ ಚಾಮುಂಡಿಯ ದರ್ಶನ ಮಾಡಿ ಬರುವುದು ಬಸ್ಸು ಇರುವುದರಿಂದ. ಸಮಸ್ಯೆ ಹುಟ್ಟಿದ್ದು ಹತ್ತಲಾರದವರಿಗೆಂದು ಮಾಡಿದ ದಾರಿಯಲ್ಲಿ ಹತ್ತಬಲ್ಲವರೂ ತಲೆಗೊಂದು ವಾಹನ ತಂದು ನಿಲ್ಲಿಸತೊಡಗಿದಾಗ. ಬಸ್ಸು ಜನರನ್ನು ಇಳಿಸಿ ಹಿಂದಕ್ಕೆ ಹೋಗುತ್ತದೆ, ಕಾರು ಅಲ್ಲೇ ಕೂರುತ್ತದೆ. ಚಾಮುಂಡಿ ಬೆಟ್ಟದ ನೆತ್ತಿಯಲ್ಲಿ ಇಂದು ವಾಹನಗಳಿಗೆಂದೇ ಬಹುಮಹಡಿ ಕಟ್ಟಡ ಎದ್ದು ನಿಂತಿರುವುದು ಇದೇ ಕಾರಣಕ್ಕೆ.

ನಿಲುಗಡೆಯೇ ಹೆಬ್ಬಾಗಿಲು

ಚಾರಣದ ಹಾದಿಯಲ್ಲಿ ಎಷ್ಟು ಜನ ಇರುತ್ತಾರೆ ಎಂಬುದನ್ನು ಬಹುಪಾಲು ನಿರ್ಧರಿಸುವುದು ಹಾದಿಯ ಅಗಲವಲ್ಲ, ಹಾದಿಯ ತಲೆಯಲ್ಲಿರುವ ವಾಹನ ನಿಲ್ದಾಣದ ಅಗಲ. ಒಂದು ಸರಳ ಲೆಕ್ಕ ಹಾಕಿ ನೋಡೋಣ. ನೂರು ಕಾರು ಹಿಡಿಯುವ ಮೈದಾನವೊಂದು ಬೆಟ್ಟದ ಹಾದಿಯ ಆರಂಭದಲ್ಲಿದೆ ಎಂದಿಟ್ಟುಕೊಳ್ಳಿ. ಕಾರಿಗೆ ನಾಲ್ವರು. ಹತ್ತಿ ಇಳಿಯಲು ನಾಲ್ಕು ಗಂಟೆ. ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಮೈದಾನ ಮೂರು ಸಲ ತುಂಬಿ ಬರಿದಾದರೆ ದಿನಕ್ಕೆ 1,200 ಜನ ಹತ್ತಿದಂತಾಯಿತು. ಮೈದಾನ ತುಂಬಿದ ಮೇಲೆ ರಸ್ತೆಯ ಅಂಚಿನಲ್ಲಿ ಇನ್ನೂ ನೂರು ಕಾರು ನಿಲ್ಲಲು ಬಿಟ್ಟರೆ ಆ ಸಂಖ್ಯೆ 2,400ಕ್ಕೆ ಏರುತ್ತದೆ. ಯಾರೂ ‘ಹೆಚ್ಚು ಜನ ಬರಲಿ’ ಎಂದು ತೀರ್ಮಾನಿಸಿರುವುದಿಲ್ಲ. ರಸ್ತೆಯ ಅಂಚು ತೀರ್ಮಾನಿಸಿರುತ್ತದೆ. ಮಗ್ಗುಲಲ್ಲಿ ಕಾರು ನಿಂತ ಕೂಡಲೇ ಘಾಟಿ ರಸ್ತೆಯ ಅಗಲ ಅರ್ಧವಾಗುತ್ತದೆ. ಎದುರಿನಿಂದ ಬಸ್ಸು ಬಂದರೆ ಎರಡೂ ಕಡೆ ಮೈಲುದ್ದ ಸಾಲು ನಿಲ್ಲುತ್ತದೆ. ಆ ಸಾಲಿನ ನಡುವೆ ಆಂಬುಲೆನ್ಸ್ ಇದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮುಳ್ಳಯ್ಯನಗಿರಿ ಈ ಲೆಕ್ಕಕ್ಕೆ ಒಳ್ಳೆಯ ಉದಾಹರಣೆ. ಸುಮಾರು 1,930 ಮೀಟರ್ ಎತ್ತರದ ಇದು ಕರ್ನಾಟಕದ ಅತ್ಯುನ್ನತ ಶಿಖರ. ನಡೆದು ಹೋಗುವವರಿಗೆ ಸರ್ಪದಾರಿ ಎಂಬ ಸುಂದರವಾದ ಹಾವಿನಂಥ ಹಾದಿಯಿದೆ. ಆದರೆ ರಸ್ತೆ ಸೀತಾಳಯ್ಯನಗಿರಿಯನ್ನು ದಾಟಿ ಶಿಖರದ ಹತ್ತಿರಕ್ಕೇ ಹೋಗುವುದರಿಂದ, ಬಹುಮಂದಿಗೆ ರಾಜ್ಯದ ಅತಿ ಎತ್ತರದ ಬೆಟ್ಟವೆಂದರೆ ಕೊನೆಯ ಕೆಲವು ನೂರು ಮೆಟ್ಟಿಲು ಮಾತ್ರ. ರಜಾದಿನಗಳಲ್ಲಿ ಆ ಕಿರಿದಾದ ರಸ್ತೆಯಲ್ಲಿ ವಾಹನಗಳು ಗಂಟೆಗಟ್ಟಲೆ ಕದಲದೆ ನಿಲ್ಲುವುದು ಮಾಮೂಲಾದ ಮೇಲೆ ಜಿಲ್ಲಾಡಳಿತ 2025ರ ಸೆಪ್ಟೆಂಬರಿನಿಂದ ಆನ್‌ಲೈನ್ ನೋಂದಣಿ ತಂದಿತು. ದಿನವನ್ನು ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಎಂದು ಎರಡಾಗಿ ಮಾಡಿ, ಒಂದೊಂದು ಪಾಳಿಗೆ 600 ವಾಹನಗಳ ಮಿತಿ ಇಡಲಾಯಿತು. ಗಮನಿಸಬೇಕಾದ ಸಂಗತಿಯೆಂದರೆ ಇಲ್ಲಿ ಎಣಿಸಿದ್ದು ತಲೆಗಳನ್ನಲ್ಲ, ಗಾಡಿಗಳನ್ನು.

ಕುಮಾರಪರ್ವತದಲ್ಲಿ ಇದಕ್ಕೆ ವಿರುದ್ಧವಾದ ಪಾಠ ಸಿಕ್ಕಿತು. 1,712 ಮೀಟರ್ ಎತ್ತರದ ಆ ಪರ್ವತಕ್ಕೆ ರಸ್ತೆಯಿಲ್ಲ. ಕುಕ್ಕೆ ಸುಬ್ರಹ್ಮಣ್ಯದಿಂದ ಕಾಡಿನೊಳಗೆ ಕಾಲಿಟ್ಟರೆ ದಿನವಿಡೀ ಕಾಲೇ ಗತಿ. ಆದರೂ 2024ರ ಜನವರಿಯ ಕೊನೆಯಲ್ಲಿ ಗಣರಾಜ್ಯೋತ್ಸವದ ರಜೆಗೆ ಅಲ್ಲಿ ಜಾತ್ರೆಯಂತೆ ಜನ ಸೇರಿದರು. ಕುಕ್ಕೆ ಯಾತ್ರಾಸ್ಥಳ, ಬಸ್ಸು ರೈಲು ಎರಡೂ ಇರುವ ಊರು. ಅಲ್ಲಿಗೆ ಬರಲು ಸ್ವಂತ ಕಾರು ಬೇಕಾಗಿಲ್ಲ, ಆದ್ದರಿಂದ ಕಾರು ನಿಲ್ಲಿಸುವ ಜಾಗ ಅಲ್ಲಿ ಹೆಬ್ಬಾಗಿಲಾಗಲಿಲ್ಲ. ಆ ನೂಕುನುಗ್ಗಲಿನ ಚಿತ್ರಗಳು ಊರೆಲ್ಲ ಹರಡಿದ ಮೇಲೆ ಸರ್ಕಾರ ಆನ್‌ಲೈನ್ ಟಿಕೆಟ್ಟಿಲ್ಲದ ಚಾರಣಗಳನ್ನು ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ಬಂತು. ಒಂದು ಹಾದಿಗೆ ದಿನಕ್ಕೆ 300 ಜನರೆಂಬ ಮಿತಿಯೂ ಬಂತು. ಮೇಲಿನ ಲೆಕ್ಕದ ಪ್ರಕಾರ 300 ಜನರೆಂದರೆ 75 ಕಾರು. ಗಾಡಿ ಎಣಿಸುವುದು ರಸ್ತೆಗೆ ಬೇಕು, ತಲೆ ಎಣಿಸುವುದು ಹಾದಿಗೆ ಬೇಕು. ಒಂದರಿಂದ ಇನ್ನೊಂದರ ಕೆಲಸ ಆಗುವುದಿಲ್ಲ.

ಬೆಟ್ಟ ತೆರುವ ಬೆಲೆ

ಕಾರು ಹತ್ತು ಅಡಿ ಹುಲ್ಲಿನ ಮೇಲೆ ನಿಂತರೆ ಗಂಟೇನು ಹೋಯಿತು ಎಂದು ಕೇಳುವವರುಂಟು. ಪಶ್ಚಿಮ ಘಟ್ಟದ ಎತ್ತರದ ಬೆಟ್ಟಗಳ ಮೇಲೆ ಕಾಣುವ ಹುಲ್ಲುಗಾವಲು ಬರಿಯ ಬಯಲಲ್ಲ. ಕಣಿವೆಗಳ ಸಂದಿನಲ್ಲಿ ಶೋಲಾ ಕಾಡು, ಅದರ ಸುತ್ತ ಹುಲ್ಲು. ಇವೆರಡೂ ಸೇರಿ ಮಳೆಗಾಲದ ನೀರನ್ನು ಸ್ಪಂಜಿನಂತೆ ಹೀರಿ ಬೇಸಿಗೆಯಲ್ಲಿ ತೊಟ್ಟುತೊಟ್ಟಾಗಿ ಬಿಡುತ್ತವೆ. ಚಕ್ರ ಮತ್ತೆ ಮತ್ತೆ ಹಾಯ್ದ ಜಾಗದಲ್ಲಿ ಮಣ್ಣು ಗಟ್ಟಿಯಾಗುತ್ತದೆ. ಹುಲ್ಲಿನ ಬೇರು ಸಾಯುತ್ತದೆ. ನೀರು ಇಂಗುವ ಬದಲು ಮೇಲೇ ಓಡುತ್ತದೆ. ಮೊದಲ ವರ್ಷ ಚಕ್ರದ ಗುರುತು, ಎರಡನೆಯ ವರ್ಷ ಕಾಲುವೆ, ಆಮೇಲೆ ಕೊರಕಲು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಕುರಿಂಜಿ ನೋಡಲು ಹೋದವರೇ ಕುರಿಂಜಿ ಬೆಳೆಯುವ ಮಣ್ಣನ್ನು ತುಳಿದು ಬರುವುದೂ ಉಂಟು.

ಚಂದ್ರದ್ರೋಣ ಪರ್ವತದ ಈ ಹುಲ್ಲಿನಲ್ಲಿ ಹುಟ್ಟುವ ತೊರೆಗಳು ಸಣ್ಣವಲ್ಲ. ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಇಲ್ಲಿಂದ ಇಳಿದು ಕೂಡಿ ವೇದಾವತಿಯಾಗುತ್ತವೆ. ಆ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರ ನಡುವೆ ಕಟ್ಟಿದ್ದು ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರ. ಹಾಸನ ಜಿಲ್ಲೆಯ ಕಡೆಗೆ ಹರಿಯುವ ಯಗಚಿಯ ಹುಟ್ಟೂ ಈ ಬೆಟ್ಟಸಾಲಿನಲ್ಲೇ. ಬೆಟ್ಟದ ಮೇಲೆ ಕಾರು ನಿಂತ ಜಾಗಕ್ಕೂ ಬರಪೀಡಿತ ಬಯಲುಸೀಮೆಯ ರೈತನ ಕೊಳವೆಬಾವಿಗೂ ನೇರ ಗೆರೆ ಎಳೆಯುವುದು ಉತ್ಪ್ರೇಕ್ಷೆಯಾದೀತು. ಆದರೆ ನೀರು ಇಂಗುವ ನೆತ್ತಿ ಗಟ್ಟಿಯಾದರೆ ನೀರು ಸಿಗುವ ಪಾದ ಒಣಗುತ್ತದೆ ಎಂಬುದರಲ್ಲಿ ಉತ್ಪ್ರೇಕ್ಷೆಯಿಲ್ಲ.

ರಸ್ತೆ ಅಗಲ ಮಾಡಿದರೆ ಸರಿಹೋಗುತ್ತದೆ ಎನ್ನುವುದು ಸಾಮಾನ್ಯವಾಗಿ ಕೇಳಿಬರುವ ಪರಿಹಾರ. ಬೆಟ್ಟದಲ್ಲಿ ರಸ್ತೆ ಅಗಲ ಮಾಡುವುದೆಂದರೆ ಇಳಿಜಾರಿನ ಕಾಲನ್ನೇ ಕಡಿಯುವುದು. ಮೇಲಿನ ಮಣ್ಣು ಕೆಳಗಿನ ಮಣ್ಣನ್ನು ಆತುಕೊಂಡು ನಿಂತಿರುತ್ತದೆ. ಕೆಳಗಿನದನ್ನು ತೆಗೆದರೆ ಮೇಲಿನದು ಮಳೆಗೆ ಕಾಯುತ್ತದೆ. ರಸ್ತೆಯ ಮಗ್ಗುಲಿನ ಚರಂಡಿಯ ಮೇಲೆ ಗಾಡಿಗಳು ನಿಂತು ಅದು ಮುಚ್ಚಿಹೋದರೆ ನೀರು ರಸ್ತೆಯ ಅಡಿಗೇ ನುಗ್ಗುತ್ತದೆ. 2021ರ ಆಗಸ್ಟಿನಲ್ಲಿ ಭಾರಿ ಮಳೆಗೆ ನಂದಿಬೆಟ್ಟದ ರಸ್ತೆಯ ಮೇಲೆ ಗುಡ್ಡ ಕುಸಿದು ಬಿತ್ತು, ಡಿಸೆಂಬರ್‌ವರೆಗೆ ಬೆಟ್ಟ ಪ್ರವಾಸಿಗಳಿಗೆ ಮುಚ್ಚಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಚಾಮುಂಡಿ ಬೆಟ್ಟದಲ್ಲಿ ನಂದಿಯ ಕಡೆಗೆ ಹೋಗುವ ರಸ್ತೆ ಕುಸಿಯಿತು. ಸಾವಿರ ಮೆಟ್ಟಿಲ ಹಾದಿ ಮುನ್ನೂರೈವತ್ತು ವರ್ಷಗಳಿಂದ ಅದೇ ಬೆಟ್ಟದಲ್ಲಿದೆ. ಮೆಟ್ಟಿಲು ಬೆಟ್ಟದ ಮೈಗೆ ಒಗ್ಗಿಕೊಂಡು ಹತ್ತುತ್ತದೆ. ರಸ್ತೆ ಬೆಟ್ಟವನ್ನು ತನಗೆ ಒಗ್ಗಿಸಿಕೊಂಡು ಹತ್ತುತ್ತದೆ.

ಬುಡವನ್ನು ಕೆಳಗಿಳಿಸಿದವರು

ಜಪಾನಿನ ಫ್ಯೂಜಿ ಪರ್ವತದ ಎತ್ತರ 3,776 ಮೀಟರ್. ಹಿಂದೆ ಯಾತ್ರಿಕರು ತಪ್ಪಲಿನ ಫುಜಿಯೊಶಿದಾ ಊರಿನ ಸೆಂಗೆನ್ ದೇಗುಲದಲ್ಲಿ ಕೈಮುಗಿದು ಅಲ್ಲಿಂದ ನಡೆಯುತ್ತಿದ್ದರು. 1964ರಲ್ಲಿ ‘ಸುಬಾರು ಲೈನ್’ ಎಂಬ ರಸ್ತೆ ಸುಮಾರು 2,300 ಮೀಟರ್ ಎತ್ತರದ ಐದನೇ ನಿಲ್ದಾಣದವರೆಗೆ ಹೋಯಿತು. ಒಂದೇ ಏಟಿಗೆ ಬೆಟ್ಟದ ಬುಡ ಅಲ್ಲಿಗೇರಿತು. ಕೆಳಗಿನ ಹಾದಿಯಲ್ಲಿ ಯಾತ್ರಿಕರಿಗೆ ಚಹಾ ಕೊಡುತ್ತಿದ್ದ ಮನೆಗಳು ಪಾಳುಬಿದ್ದವು. ಮೇಲಿನ ಹಾದಿಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಈಗ ಬೇಸಿಗೆಯ ಹತ್ತುವ ಋತುವಿನಲ್ಲಿ ಸ್ವಂತ ಕಾರುಗಳಿಗೆ ಆ ರಸ್ತೆ ಮುಚ್ಚಿರುತ್ತದೆ. ತಪ್ಪಲಿನಲ್ಲಿ ಕಾರು ಬಿಟ್ಟು ಬಸ್ಸು ಹಿಡಿಯಬೇಕು. ಅದೂ ಸಾಲದೆ 2024ರಲ್ಲಿ ಯೊಶಿದಾ ಹಾದಿಗೆ ಗೇಟು ಹಾಕಿ ದಿನಕ್ಕೆ 4,000 ಜನರ ಮಿತಿ, ತಲೆಗೆ 2,000 ಯೆನ್ ಶುಲ್ಕ ಇಟ್ಟರು. 2025ರಲ್ಲಿ ಶುಲ್ಕ 4,000 ಯೆನ್ ಆಯಿತು. ಅದೇ ದೇಶದ ಕಾಮಿಕೊಚಿ ಎಂಬ ಪರ್ವತ ಕಣಿವೆಯಲ್ಲಿ ಸ್ವಂತ ಕಾರಿಗೆ ಕಡಿವಾಣ ಬಿದ್ದದ್ದು 1975ರಷ್ಟು ಹಿಂದೆಯೇ.

ಅಮೆರಿಕದ ಝಯಾನ್ ರಾಷ್ಟ್ರೀಯ ಉದ್ಯಾನದ ಅನುಭವ ಇನ್ನೂ ಸ್ವಾರಸ್ಯದ್ದು. ಕಡಿದಾದ ಕಣಿವೆಯೊಳಗೆ ಕಾರುಗಳು ಕಿಕ್ಕಿರಿದಾಗ 2000ರಲ್ಲಿ ಅಲ್ಲಿ ಬಸ್ಸು ಸೇವೆ ಆರಂಭಿಸಿದರು. ಕಾರುಗಳು ಹೊರಗುಳಿದವು, ಕಣಿವೆ ಮತ್ತೆ ನಿಶ್ಶಬ್ದವಾಯಿತು. ಆದರೆ ಕಾರು ನಿಲ್ಲಿಸಲು ಜಾಗ ಸಿಗದೆ ಹಿಂದಿರುಗುತ್ತಿದ್ದವರಿಗೂ ಬಸ್ಸಿನಲ್ಲಿ ಜಾಗ ಸಿಕ್ಕಿತು. ಏಂಜಲ್ಸ್ ಲ್ಯಾಂಡಿಂಗ್ ಎಂಬ ಪ್ರಪಾತದಂಚಿನ ಕಿರಿದಾದ ಹಾದಿಯಲ್ಲಿ ಜನ ಸರಪಳಿ ಹಿಡಿದು ಸಾಲುಗಟ್ಟಿ ನಿಲ್ಲುವಂತಾಯಿತು. ಕೊನೆಗೆ 2022ರಲ್ಲಿ ಆ ಹಾದಿಗೆ ಲಾಟರಿ ಎತ್ತಿ ಪರವಾನಗಿ ಕೊಡುವ ಕ್ರಮ ಬಂತು. ಮುಳ್ಳಯ್ಯನಗಿರಿಯ ಲೆಕ್ಕವೂ ಕುಮಾರಪರ್ವತದ ಲೆಕ್ಕವೂ ಅಲ್ಲಿ ಒಂದೇ ಕಣಿವೆಯಲ್ಲಿ ಎದುರಾದವು.

ದೂರ ಹೋಗಬೇಕಾಗಿಲ್ಲ. ಮುಂಬೈ ಬಳಿಯ ಮಾಥೆರಾನ್ ಬೆಟ್ಟದಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಕಾರನ್ನು ದಸ್ತೂರಿ ನಾಕಾದಲ್ಲಿ ಬಿಡಬೇಕು. ಮುಂದಕ್ಕೆ ನಡಿಗೆ, ಕುದುರೆ, ಅಥವಾ 1907ರಿಂದ ಬೆಟ್ಟ ಹತ್ತುತ್ತಿರುವ ಪುಟ್ಟ ರೈಲು. ಕೆಂಪು ಮಣ್ಣಿನ ಆ ದಾರಿಗಳ ಸೊಗಸನ್ನು ಹೊಗಳದವರಿಲ್ಲ. ಆದರೆ ಅದೇ ದಾರಿಯಲ್ಲಿ ಮನುಷ್ಯ ಮನುಷ್ಯನನ್ನು ಕೈಗಾಡಿಯಲ್ಲಿ ಕೂರಿಸಿ ಎಳೆಯುವ ಪದ್ಧತಿಯೂ ಉಳಿದುಬಂದಿತ್ತು. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಅಮಾನವೀಯವೆಂದು ಹೇಳಿ ಆರು ತಿಂಗಳೊಳಗೆ ನಿಲ್ಲಿಸಿ, ಬ್ಯಾಟರಿ ರಿಕ್ಷಾಗಳಿಗೆ ದಾರಿ ಮಾಡಬೇಕೆಂದು ಆದೇಶಿಸಿತು. ಮೊದಲು ಡೋಲಿಯ ಮಾತು ಬಂದಿತಲ್ಲ, ಅದು ಇಲ್ಲಿ ಮತ್ತೆ ನೆನಪಾಗುತ್ತದೆ. ಕಾರು ಕೆಳಗೆ ನಿಂತಾಗ ಭಾರ ಮಾಯವಾಗುವುದಿಲ್ಲ. ಅದನ್ನು ಯಾರ ಹೆಗಲಿಗೆ ಹಾಕುತ್ತೇವೆ ಎಂದು ಕೇಳಿಕೊಳ್ಳಬೇಕು.

ನಮ್ಮ ರಾಜ್ಯದಲ್ಲೇ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಇದಕ್ಕೆ ಉತ್ತರ ಕೊಟ್ಟಿದೆ. ಬಂಡೀಪುರದ ಹುಲಿ ರಕ್ಷಿತಾರಣ್ಯದೊಳಗಿನ, 1,454 ಮೀಟರ್ ಎತ್ತರದ ಆ ಬೆಟ್ಟಕ್ಕೆ ಖಾಸಗಿ ವಾಹನ ಹತ್ತುವಂತಿಲ್ಲ. ತಪ್ಪಲಿನಲ್ಲಿ ಕಾರು ಬಿಟ್ಟು ಸರ್ಕಾರಿ ಬಸ್ಸು ಹತ್ತಬೇಕು. ಅಜ್ಜಿಯೂ ಹೋಗುತ್ತಾಳೆ, ಮೊಮ್ಮಗನೂ ಹೋಗುತ್ತಾನೆ, ಆನೆಯ ದಾರಿಯಲ್ಲಿ ಕಾರುಗಳ ಸಾಲು ಇರುವುದಿಲ್ಲ. ಕೊಡಚಾದ್ರಿಯಲ್ಲಿ ಈ ಕೆಲಸವನ್ನು ಕೆಟ್ಟ ದಾರಿಯೇ ಮಾಡುತ್ತದೆ. 1,343 ಮೀಟರ್ ಎತ್ತರದ ಆ ಬೆಟ್ಟದ ಕೊರಕಲು ದಾರಿಯಲ್ಲಿ ಪಟ್ಟಣದ ಕಾರು ಏರಲಾರದು. ಕೊಲ್ಲೂರು ಅಥವಾ ನಿಟ್ಟೂರಿನ ಕಡೆಯಿಂದ ಅಲ್ಲಿನವರ ಜೀಪು ಹಿಡಿಯಬೇಕು. ಅಲ್ಲಿಂದ ಸರ್ವಜ್ಞ ಪೀಠಕ್ಕೆ ಮತ್ತೆ ಕಾಲ್ನಡಿಗೆ. ಸುತ್ತಲಿನ ಊರುಗಳ ಎಷ್ಟೋ ಮನೆಗಳ ಒಲೆ ಉರಿಯುವುದು ಆ ಜೀಪುಗಳಿಂದ. ಬುಡವನ್ನು ಕೆಳಗಿಟ್ಟರೆ ಬೆಟ್ಟಕ್ಕೆ ಬಂದವನ ಹಣದಲ್ಲಿ ಸ್ವಲ್ಪವಾದರೂ ತಪ್ಪಲಿನ ಊರಿನಲ್ಲಿ ಉಳಿಯುತ್ತದೆ.

ಚಕ್ರಕ್ಕೂ ಒಂದು ನಡತೆ

ಕಾರಿನಲ್ಲೇ ಹೋಗಬೇಕಾದ ಬೆಟ್ಟಗಳು ಇನ್ನೂ ಬಹಳ ಇವೆ. ಹಾಗೆ ಹೋಗುವವರಿಗೆ ನಾಲ್ಕು ಮಾತು. ಘಾಟಿಯಲ್ಲಿ ಇಬ್ಬರಿಗೂ ಜಾಗವಿಲ್ಲದ ಕಡೆ ಇಳಿಯುವ ವಾಹನ ನಿಂತು ಏರುವ ವಾಹನಕ್ಕೆ ದಾರಿ ಬಿಡಬೇಕು. ಇದು ಬರಿಯ ದಾಕ್ಷಿಣ್ಯವಲ್ಲ. 1989ರ ರಸ್ತೆ ನಿಯಮಗಳಲ್ಲೂ ಅವುಗಳ ಜಾಗಕ್ಕೆ ಬಂದ 2017ರ ನಿಯಮಗಳಲ್ಲೂ ಬರೆದಿರುವ ಕಾನೂನು. ಕಾರಣ ಸರಳ. ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಎಬ್ಬಿಸುವುದು ಕಷ್ಟ, ಅದು ಹಿಂದಕ್ಕೆ ಜಾರುವ ಭಯವೂ ಇದೆ.

ಇಳಿಯುವಾಗಿನ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಜನರೂ ಸೇರಿ 1,200 ಕಿಲೋ ತೂಗುವ ಕಾರೊಂದು 800 ಮೀಟರ್ ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯೆಲ್ಲ ಶಾಖವಾದರೆ ಅದು ಸುಮಾರು 30 ಲೀಟರ್, ಅಂದರೆ ಎರಡು ಕೊಡ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಇಳಿದಷ್ಟು ದೂರವೂ ಬ್ರೇಕಿನ ಮೇಲೆ ಕಾಲಿಟ್ಟರೆ ಆ ಶಾಖದಲ್ಲಿ ಬಹುಪಾಲು ಬ್ರೇಕಿಗೇ ಹೋಗುತ್ತದೆ. ಬಿಸಿಯಾದ ಬ್ರೇಕು ಹಿಡಿಯುವುದಿಲ್ಲ. ಯಾವ ಗೇರಿನಲ್ಲಿ ಹತ್ತಿದೆವೋ ಅದೇ ಗೇರಿನಲ್ಲಿ ಇಳಿಯಿರಿ ಎಂದು ಹಳೆಯ ಲಾರಿ ಚಾಲಕರು ಹೇಳುವುದು ಇದಕ್ಕೇ. ಭಾರವನ್ನು ಎಂಜಿನ್ ತಡೆಯುತ್ತದೆ, ಬ್ರೇಕು ತಿರುವಿಗೆ ಉಳಿಯುತ್ತದೆ. ಪೆಟ್ರೋಲು ಉಳಿಸಲೆಂದು ನ್ಯೂಟ್ರಲ್‌ಗೆ ಹಾಕಿ ಇಳಿಯುವುದು ಪ್ರಾಣ ಕೊಟ್ಟು ಪುಡಿಗಾಸು ಕೊಂಡಂತೆ.

ನಿಲ್ಲಿಸುವಾಗ ಹ್ಯಾಂಡ್‌ಬ್ರೇಕು ಒಂದನ್ನೇ ನಂಬಬಾರದು. ಮುಖ ಏರಿನ ಕಡೆಗಿದ್ದರೆ ಮೊದಲ ಗೇರು, ಇಳಿಜಾರಿನ ಕಡೆಗಿದ್ದರೆ ರಿವರ್ಸ್ ಗೇರು. ಗಾಡಿ ಜಾರಿದರೂ ಪ್ರಪಾತದ ಕಡೆ ಹೋಗದೆ ಗುಡ್ಡದ ಕಡೆಗೆ ತಗುಲಿ ನಿಲ್ಲುವಂತೆ ಚಕ್ರ ತಿರುಗಿರಬೇಕು. ಚಕ್ರಕ್ಕೆ ಕಲ್ಲು ಕೊಡುವುದು ಒಳ್ಳೆಯದು, ಹೊರಡುವಾಗ ಆ ಕಲ್ಲನ್ನು ತೆಗೆದು ಬದಿಗಿಡುವುದು ಅದಕ್ಕಿಂತ ಒಳ್ಳೆಯದು. ರಸ್ತೆಯ ನಡುವೆ ಬಿಟ್ಟುಹೋದ ಕಲ್ಲು ಮಂಜು ಕವಿದ ಸಂಜೆ ಬೈಕಿನವನ ಮೃತ್ಯುವಾಗಬಲ್ಲದು. ಜನವರಿಯಿಂದ ಮೇವರೆಗೆ ಒಣಹುಲ್ಲಿನ ಮೇಲೆ ಕಾರು ನಿಲ್ಲಿಸಲೇಬಾರದು. ಈಗಷ್ಟೇ ಬೆಟ್ಟ ಹತ್ತಿದ ಕಾರಿನ ಹೊಟ್ಟೆಯಡಿಯ ಸೈಲೆನ್ಸರ್ ಕೊಳವೆ ಹುಲ್ಲಿಗೆ ಬೆಂಕಿ ಹಚ್ಚುವಷ್ಟು ಕಾದಿರುತ್ತದೆ. ಬಂದ ಕೂಡಲೇ ಕಾರಿನ ಮುಖವನ್ನು ಹಿಂದಿರುಗುವ ದಿಕ್ಕಿಗೆ ತಿರುಗಿಸಿ ನಿಲ್ಲಿಸಿದರೆ ಸಂಜೆ ಎಲ್ಲರೂ ಒಟ್ಟಿಗೆ ಹೊರಡುವಾಗ ಗೋಜಲಾಗುವುದಿಲ್ಲ. ತಿರುವಿನಲ್ಲಿ, ತೋಟದ ಗೇಟಿನೆದುರು, ಗದ್ದೆಗೆ ಇಳಿಯುವ ದಾರಿಯಲ್ಲಿ ನಿಲ್ಲಿಸುವವರು ಒಂದು ಮಾತು ನೆನಪಿಡಬೇಕು: ನಮಗೆ ರಜೆಯಾದ ಭಾನುವಾರ ಹಸು ಕರೆಯುವವನಿಗೆ ರಜೆಯಲ್ಲ.

ಮತ್ತೆ ನಂದಿಗೆ

ನಂದಿಬೆಟ್ಟ 2021ರ ಡಿಸೆಂಬರಿನಲ್ಲಿ ಮತ್ತೆ ತೆರೆದಾಗ ವಾಹನಗಳಿಗೆ ಮುಂಚಿತವಾಗಿ ಜಾಗ ಕಾಯ್ದಿರಿಸುವ ಏರ್ಪಾಟು ಬಂತು. 2023ರ ಮಾರ್ಚಿನಲ್ಲಿ ರೋಪ್‌ವೇ ಯೋಜನೆಗೆ ಶಂಕುಸ್ಥಾಪನೆಯಾಯಿತು. ತಂತಿಯ ಮೇಲೆ ತೂಗುವ ತೊಟ್ಟಿಲು ಕಾರುಗಳನ್ನು ಕೆಳಗೇ ಉಳಿಸಬಹುದು. ಝಯಾನಿನ ಬಸ್ಸಿನಂತೆ ಮೇಲಿನ ಜನಸಂದಣಿಯನ್ನು ಹೆಚ್ಚಿಸಲೂಬಹುದು. ಅದು ಕಾರಿಗೆ ಬದಲಾಗಿ ಬರುತ್ತದೆಯೋ ಕಾರಿನ ಜೊತೆಗೆ ಬರುತ್ತದೆಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬದಲಾಗಿ ಬಂದರೆ ಬೆಟ್ಟದ ಬುಡ ತನ್ನ ಹಳೆಯ ಜಾಗಕ್ಕೆ ಮರಳೀತು. ಜೊತೆಗೆ ಬಂದರೆ ಒಂದೇ ಬೆಟ್ಟಕ್ಕೆ ಎರಡು ಬಾಗಿಲಾಗಿ, ಕಾಯುವವರು ಯಾರೂ ಇಲ್ಲದಂತಾದೀತು.

ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಸುಲ್ತಾನಪೇಟೆಯಿಂದ ಹೊರಡುವ ಹಳೆಯ ಕಲ್ಲಿನ ಮೆಟ್ಟಿಲುದಾರಿಯೊಂದಿದೆ, ಸಾವಿರಕ್ಕೂ ಮಿಕ್ಕ ಮೆಟ್ಟಿಲು. ರಸ್ತೆಯಲ್ಲಿ ನಸುಕಿಗೇ ಕಾರುಗಳ ಸಾಲು ಹಿಡಿದು, ಸೂರ್ಯೋದಯ ನೋಡಬೇಕೆಂದು ಬಂದವರು ಮುಂದಿನ ಕಾರಿನ ಕೆಂಪು ದೀಪವನ್ನೇ ನೋಡುತ್ತಾ ಕೂರುವ ಭಾನುವಾರಗಳಲ್ಲೂ ಆ ಮೆಟ್ಟಿಲುಗಳ ಮೇಲೆ ಜಾಗ ಕಾಯ್ದಿರಿಸಿದವರು ಯಾರೂ ಇರುವುದಿಲ್ಲ.